ಇಂಜಿನ್ ನಿಲ್ಲಿಸುವ ಸ್ವರ

ನಮ್ಮ ಭಾವ ಗಾಳಿಯನ್ನೇ ನಂಬಿ ಬದುಕಿದ ಮನುಷ್ಯ. ಹಗಲೆಲ್ಲ ಬಸ್ ಡಿಪೋದಲ್ಲಿ ಟೈರಿಗೆ ಗಾಳಿ ತುಂಬುತ್ತಾರೆ, ಸಂಜೆ ಮನೆಗೆ ಬಂದು ಟ್ರಂಪೆಟ್ಟಿಗೆ ಗಾಳಿ ತುಂಬುತ್ತಾರೆ. ನಾನು ಅವರ ನಾದಿನಿ, ಡಿಪೋ ಎದುರು ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ನನ್ನ ಕಸುಬಿಗೂ ನಾಲಿಗೆಗೂ ಸೇರಿಸಿ ಅವರು ನನಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದಾರೆ. ಈಗ ಅಕ್ಕನೂ ನನ್ನನ್ನು ಹಾಗೇ ಕರೆಯುತ್ತಾಳೆ. ನನಗೆ ಸಂಗೀತದ ಗಂಧಗಾಳಿ ಇಲ್ಲ. ‘ನಿನ್ನ ಕಿವಿ ಇರೋದು ಕನ್ನಡಕದ ಕಡ್ಡಿ ಸಿಕ್ಕಿಸೋಕೆ’ ಎಂದು ಭಾವ ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೂ ಅವರ ಕತೆಯನ್ನು ನಾನೇ ಹೇಳಬೇಕು. ಅವರ ಕೈಗೆ ಬಿಟ್ಟರೆ ಟ್ರಂಪೆಟ್ಟಿನ ಕತೆ ಹೇಳಿ ಮುಗಿಸುತ್ತಾರೆ, ತಮ್ಮದನ್ನು ಹೇಳುವುದಿಲ್ಲ.

ಅಕ್ಕ ಅದೇ ಡಿಪೋದಲ್ಲಿ ಬಸ್ ಡ್ರೈವರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ಬಸ್ಸಿನ ಹಿಂದಿನ ಟೈರು ಕೂತುಹೋಗಿ, ಟೈರ್ ಸೆಕ್ಷನ್ನಿನ ಮುಂದೆ ತಂದು ನಿಲ್ಲಿಸಿದಳಂತೆ. ಒಳಗೆ ಪೇರಿಸಿಟ್ಟ ಹಳೇ ಟೈರುಗಳ ಆ ಕಡೆಯಿಂದ ಕಿರ್ರೋ ಎನ್ನುವ ಸದ್ದು ಬಂತು. ಅಕ್ಕ ಸೊಂಟಕ್ಕೆ ಕೈಯಿಟ್ಟು, “ಯಾವ ಗಾಡಿ ಹಾರ್ನ್ ರೀ ಇದು? ಹೀಗೆ ಅರಚ್ಕೊಳ್ತಿದೆ, ಯಾರೂ ರಿಪೇರಿ ಮಾಡಲ್ವಾ?” ಎಂದು ಕೂಗಿದಳು. ಟೈರುಗಳ ಹಿಂದಿನಿಂದ ಟ್ರಂಪೆಟ್ ಹಿಡಿದ ಭಾವ ಪೆಚ್ಚುಮೋರೆ ಹಾಕಿಕೊಂಡು ಎದ್ದು ನಿಂತರು. “ರಿಪೇರಿ ನಡೀತಾ ಇದೆ ಮೇಡಂ, ಸ್ವಲ್ಪ ಟೈಮ್ ಹಿಡಿಯುತ್ತೆ” ಎಂದರಂತೆ. ಆ ಉತ್ತರಕ್ಕೇ ಅಕ್ಕ ಮರುಳಾದಳು. ಅಕ್ಕ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಅದನ್ನು ಇಬ್ಬರೂ ಯಾರಿಂದಲೂ ಮುಚ್ಚಿಡಲಿಲ್ಲ. ನಾನು ಮಾತ್ರ, “ಗಾಳಿಮಾತು ಆಡೋರನ್ನ ನೋಡಿದ್ದೀನಿ ಕಣೇ, ಗಾಳಿ ಊದೋರನ್ನ ಕಟ್ಕೊಂಡು ಏನ್ಮಾಡ್ತೀಯ?” ಎಂದು ಕೇಳಿದ್ದೆ. “ಕೇಳಿಸ್ಕೊಂಡಿರ್ತೀನಿ” ಎಂದಳು.

ಡಿಪೋದಲ್ಲಿ ನೌಕರರದೇ ಒಂದು ಬ್ಯಾಂಡು ಇದೆ. ಅದರ ಮುಖ್ಯ ಕೆಲಸ ಡ್ರೈವರುಗಳ ನಿವೃತ್ತಿಯ ದಿನ. ಕೊನೆಯ ಟ್ರಿಪ್ ಮುಗಿಸಿ ಬಸ್ಸು ಗೇಟಿನೊಳಗೆ ಬಂದಾಗ ಬ್ಯಾಂಡಿನವರು ಒಂದು ಪುಟ್ಟ ಧಾಟಿ ನುಡಿಸುತ್ತಾರೆ. ಕೊನೆಗೆ ಉಳಿದವರೆಲ್ಲ ಸುಮ್ಮನಾಗುತ್ತಾರೆ. ಟ್ರಂಪೆಟ್ ಒಂದೇ ಮೇಲಕ್ಕೆ ಹತ್ತಿ ತುದಿಯ ಸ್ವರವನ್ನು ಹಿಡಿದು ನಿಲ್ಲುತ್ತದೆ. ಆ ಸ್ವರ ಕಿವಿಗೆ ಬಿದ್ದ ಮೇಲೇ ಡ್ರೈವರು ಇಂಜಿನ್ ಆಫ್ ಮಾಡಬೇಕು. ಇಂಜಿನ್ ನಿಂತ ಮೇಲೂ ಸ್ವರ ಒಂದಿಷ್ಟು ಹೊತ್ತು ಇರಬೇಕು. ಜೀವಮಾನವೆಲ್ಲ ಗಡಗಡ ಕೇಳಿದ ಕಿವಿಯಲ್ಲಿ ಕೊನೆಗೆ ಉಳಿಯುವುದು ಗಡಗಡವೇ ಆಗಬಾರದೆಂದು ಹಿಂದೆ ಯಾರೋ ಪುಣ್ಯಾತ್ಮರು ಮಾಡಿದ ಏರ್ಪಾಡಿದು. ಸ್ವರ ಬರುವ ಮೊದಲೇ ಇಂಜಿನ್ ಆಫ್ ಮಾಡಿದರೆ ಸರ್ವಿಸ್ ಪೂರ್ತಿಯಾದ ಹಾಗೇ ಅಲ್ಲ ಎಂದು ಡ್ರೈವರುಗಳು ನಂಬಿದ್ದಾರೆ. ಆ ಸ್ವರ ಊದುವುದರಲ್ಲಿ ನಮ್ಮ ಭಾವ ಎತ್ತಿದ ಕೈ. ಮದುವೆಯಾದ ವಾರದಲ್ಲೇ ಅಕ್ಕನಿಗೆ, “ಡ್ರೈವರಮ್ಮಾ, ನಿನ್ನ ಇಂಜಿನ್ ನಿಲ್ಲಿಸೋ ಸ್ವರ ನಂದೇ. ಬೇರೆ ಯಾರ ಕೈಲೂ ಊದಿಸಲ್ಲ” ಎಂದು ಮಾತು ಕೊಟ್ಟಿದ್ದರು.

ಬ್ಯಾಂಡಿನವರ ಕೋಟುಗಳನ್ನು ಹೊಲಿಯುವವಳು ನಾನು. ಭಾವನ ಎದೆಯ ಅಳತೆಯನ್ನು ಉಸಿರು ಪೂರ್ತಿ ಎಳೆದುಕೊಂಡಾಗಲೇ ತೆಗೆಯಬೇಕು. ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ಮೊದಲ ಸಲ ಸುಮ್ಮನೆ ನಿಂತವರ ಅಳತೆ ತೆಗೆದು ಅಚ್ಚುಕಟ್ಟಾಗಿ ಹೊಲಿದುಕೊಟ್ಟೆ. ಕನ್ನಡಿಯ ಮುಂದೆ ರಾಜನ ಹಾಗೆ ಕಂಡರು. ಗೇಟಿನ ಮುಂದೆ ತುದಿಯ ಸ್ವರಕ್ಕೆ ಉಸಿರು ತುಂಬಿಕೊಂಡ ಕೂಡಲೇ ಎದೆಯ ಗುಂಡಿ ಕಿತ್ತು ಹಾರಿ ಡಿಪೋ ಮ್ಯಾನೇಜರರ ಮೀಸೆಗೆ ಬಡಿಯಿತು. ಭಾವ ಸ್ವರ ಬಿಡಲಿಲ್ಲ. ಮ್ಯಾನೇಜರ್ ಈಗಲೂ ಬ್ಯಾಂಡು ಶುರುವಾದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

ಅಕ್ಕನ ಕಿವಿಯ ವಿಷಯ ಹೇಳಲೇಬೇಕು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, ಬೀದಿಯಲ್ಲಿ ಹೋದ ಬಸ್ಸು ಯಾವುದು, ಅದರ ಕ್ಲಚ್ ಎಷ್ಟು ಸವೆದಿದೆ ಎಂದು ತಲೆ ಎತ್ತದೆ ಹೇಳುತ್ತಾಳೆ. ಭಾವನ ಊದುವಿಕೆಯೂ ಅವಳಿಗೆ ಹಾಗೇ. ಆ ತುದಿಯ ಸ್ವರಕ್ಕೆ ಬೆರಳಿನ ಕೆಲಸ ಏನೂ ಇಲ್ಲವಂತೆ. ಟ್ರಂಪೆಟ್ಟಿನ ಮೂರು ಗುಂಡಿಗಳಲ್ಲಿ ಒಂದನ್ನೂ ಒತ್ತುವ ಹಾಗಿಲ್ಲ, ಬರೀ ತುಟಿ ಮತ್ತು ಉಸಿರು. ಸ್ವರ ಬಾರದಾಗ ಊದುವವರೆಲ್ಲ ಮಾಡುವ ತಪ್ಪೆಂದರೆ ವಾದ್ಯವನ್ನು ಎಳೆದು ತುಟಿಗೆ ಒತ್ತುವುದು. ಒತ್ತಿದರೆ ಆ ಹೊತ್ತಿಗೆ ಸ್ವರ ಬರುತ್ತದೆ, ಆದರೆ ತುಟಿ ಸಾಯುತ್ತದೆ. ಭಾವ ನಡುಮನೆಯಲ್ಲಿ ಊದುವಾಗ ಅಕ್ಕ ಒಲೆಯ ಮುಂದಿನಿಂದಲೇ, “ಒತ್ತಿದ್ರಿ” ಎನ್ನುತ್ತಾಳೆ. ಅವರು, “ಇಲ್ಲ ಕಣೇ” ಎಂದು ಬಾಯಿ ಒರೆಸಿಕೊಳ್ಳುತ್ತಾರೆ. ತುಟಿಯ ಮೇಲೆ ಕೆಂಪನೆಯ ಉಂಗುರ ಮೂಡಿರುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ಡ್ರೈವರ್ ನಿವೃತ್ತಿಯಾದರು. ಒಳ್ಳೆಯ ಮನುಷ್ಯ, ಆದರೆ ಸೀಟು ಬಿಟ್ಟು ಇಳಿಯಲು ಮನಸ್ಸಿಲ್ಲ. ಭಾವ ತುದಿಯ ಸ್ವರ ಹಿಡಿದರು. ಡ್ರೈವರು ಸ್ಟೇರಿಂಗ್ ತಬ್ಬಿಕೊಂಡು ಅಳುತ್ತಾ ಕೂತರು, ಇಂಜಿನ್ ಆಫ್ ಮಾಡಲೇ ಇಲ್ಲ. ಭಾವ ಬಿಡುವ ಹಾಗಿಲ್ಲ. ಉಸಿರು ಕಡಿಮೆಯಾದಷ್ಟೂ ವಾದ್ಯವನ್ನು ಒತ್ತಿ ಹಿಡಿದರು. ಮೇಲ್ದುಟಿಯೊಳಗೆ ದಾರ ಪಟ್ಟೆಂದು ಹರಿದ ಹಾಗಾಯಿತಂತೆ. ಇಂಜಿನ್ ನಿಂತ ಮೇಲೆ ನೋಡಿದರೆ ಕೋಟಿನ ಮೇಲೆಲ್ಲ ರಕ್ತ. ನಾನು ಆ ಡ್ರೈವರಿಗೆ ಬಾಯಿಗೆ ಬಂದಂತೆ ಬೈದೆ. ಪಾಪ, ಅವರೂ ಏನು ಮಾಡಿಯಾರು?

ತಿಂಗಳುಗಟ್ಟಲೆ ಟ್ರಂಪೆಟ್ ಪೆಟ್ಟಿಗೆಯೊಳಗೇ ಇತ್ತು. ತುಟಿಯ ಸ್ನಾಯು ಕೂಡಿಕೊಂಡಿದೆ, ಮೆಲ್ಲಗೆ ಊದಬಹುದು, ಒತ್ತಬಾರದು ಎಂದು ಡಾಕ್ಟರು ಹೇಳಿದರು. ತುಟಿ ಕೂಡಿತು, ಧೈರ್ಯ ಕೂಡಲಿಲ್ಲ. ಕೆಳಗಿನ ಸ್ವರಗಳು ಬೆಣ್ಣೆಯ ಹಾಗೆ ಬರುತ್ತಿದ್ದವು. ಮೇಲಕ್ಕೆ ಹೋಗುವಾಗ ಭಾವನ ಕಣ್ಣು ಹೆದರುತ್ತಿತ್ತು, ಕೈ ತಾನಾಗಿ ಒತ್ತುತ್ತಿತ್ತು, ಫುಸ್ಸೆಂದು ಬರೀ ಗಾಳಿ ಬರುತ್ತಿತ್ತು. ಬೇರೆಯವರ ನಿವೃತ್ತಿಗಳಿಗೆ ಬ್ಯಾಂಡಿನಲ್ಲಿ ಎರಡನೇ ಟ್ರಂಪೆಟ್ ಊದುವ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರು ತುದಿಯ ಸ್ವರ ಊದತೊಡಗಿದರು. ಅಷ್ಟರಲ್ಲಿ ಅಕ್ಕನ ನಿವೃತ್ತಿಯೇ ಹತ್ತಿರ ಬಂತು.

ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಬಟ್ಟೆ ಒಗೆಯುವ ಜಾಗದಲ್ಲಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಅಕ್ಕ ಎರಡು ದಾರ ಕಟ್ಟಿ ಟ್ರಂಪೆಟ್ಟನ್ನು ತೂಗುಹಾಕಿದ್ದಳು. ಒಂದು ಕಡೆ ಅವಳ ಖಾಕಿ ಪ್ಯಾಂಟು, ಇನ್ನೊಂದು ಕಡೆ ಟವೆಲ್ಲು, ನಡುವೆ ಟ್ರಂಪೆಟ್ಟು. ಭಾವ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟರಿಂದ ಬೈಸಿಕೊಂಡ ಹುಡುಗನ ಹಾಗೆ ಕತ್ತು ಮುಂದೆ ಚಾಚಿ ಊದುತ್ತಿದ್ದರು. ಜೋರಾಗಿ ಒತ್ತಿದರೆ ವಾದ್ಯವೇ ತೂಗಿ ಹಿಂದೆ ಹೋಗುತ್ತಿತ್ತು.

“ಏನು ಭಾವ, ಅಕ್ಕನ್ನ ಬಿಟ್ಟು ಇದಕ್ಕೆ ಮುತ್ತು ಕೊಡ್ತಿದ್ದೀರಿ?” ಎಂದೆ.

“ನಗು ಕತ್ತರಿ, ನಗು. ನಿಮ್ಮಕ್ಕ ನನ್ನ ಕೈಗೇ ಬ್ರೇಕ್ ಹಾಕಿದ್ದಾಳೆ.”

ಅಕ್ಕ ಬಕೆಟ್ಟಿನ ಮುಂದೆ ಕೂತು, “ಸಣ್ಣದಾಗೇ ಬರಲಿ ರೀ. ಬಂದ್ರೆ ಸಾಕು” ಎಂದಳು. ನಿಜಕ್ಕೂ ಒಮ್ಮೊಮ್ಮೆ ಅದು ಬರುತ್ತಿತ್ತು. ಪಕ್ಕದ ಮನೆಗೂ ಕೇಳದಷ್ಟು ಸಣ್ಣಗೆ ಬಂದು, ಕೂಡಲೇ ಹೋಗುತ್ತಿತ್ತು. ‘ಇದನ್ನ ಊದಿದ್ರೆ ಬಸ್ ಇಂಜಿನ್ ಮುಂದೆ ಸೊಳ್ಳೆ ಹಾಡಿದ ಹಾಗಿರುತ್ತೆ’ ಎಂದು ಭಾವ ತಲೆ ತಗ್ಗಿಸಿದರು.

ಅಕ್ಕನ ನಿವೃತ್ತಿಗೆ ಹೊಸ ಕೋಟು ಬೇಕೆಂದು ಭಾವ ನನ್ನ ಅಂಗಡಿಗೆ ಬಂದರು. ಟೇಪು ಎದೆಗೆ ಸುತ್ತಿ, “ಉಸಿರು ಎಳ್ಕೊಳ್ಳಿ ಭಾವ” ಎಂದೆ.

“ಬೇಡ ಬಿಡು. ಹಾಗೇ ತಗೋ.”

ಟೇಪು ಬಿಟ್ಟು ಅವರ ಮುಖ ನೋಡಿದೆ. ನನ್ನ ನಾಲಿಗೆಯಿಂದ ತಪ್ಪಿಸಿಕೊಳ್ಳುವುದು ಅವರಿಂದಾಗದು. ಎಲ್ಲವನ್ನೂ ಹೇಳಿದರು. ಚೆಕಿಂಗ್ ಇನ್ಸ್‌ಪೆಕ್ಟರು ದೊಡ್ಡ ಡ್ರಮ್ಮಿನ ಹಿಂದೆ ನಿಂತು ತುದಿಯ ಸ್ವರ ಊದುವುದು, ಭಾವ ಮುಂದೆ ನಿಂತು ಊದಿದಂತೆ ನಟಿಸುವುದು. ಜೀವಮಾನವೆಲ್ಲ ಟಿಕೆಟ್ ಇಲ್ಲದವರನ್ನು ಬಸ್ಸಿನಿಂದ ಇಳಿಸಿದ ಆ ಮನುಷ್ಯ ಈ ಕಳ್ಳತನಕ್ಕೆ ಒಪ್ಪಲು ಮೂರು ದಿನ ತೆಗೆದುಕೊಂಡರಂತೆ.

“ಮಾತು ಕೊಟ್ಟಿದ್ದೀನಿ ಕಣಮ್ಮ” ಎಂದರು ಭಾವ. “ಅವಳ ಕೊನೇ ದಿನ ಗೇಟ್ ಮುಂದೆ ಫುಸ್ ಅಂದ್ರೆ ನಾನು ಯಾವ ಮುಖ ಇಟ್ಕೊಂಡು ಮನೆಗೆ ಹೋಗಲಿ? ನೀನು ಬಾಯಿ ಬಿಡಬೇಡ.”

ನಾನು ಬಾಯಿ ಬಿಡಲಿಲ್ಲ. ಕೋಟನ್ನು ಮಾತ್ರ ಅವರು ಹೇಳಿದ ಅಳತೆಗೆ ಕತ್ತರಿಸಲಿಲ್ಲ. ಅವರ ತುಂಬಿದೆದೆಯ ಹಳೆಯ ಅಳತೆ ನನಗೆ ಬಾಯಿಪಾಠವಾಗಿತ್ತು, ಅದಕ್ಕೇ ಹೊಲಿದೆ.

ನಿವೃತ್ತಿಯ ದಿನ ಅಂಗಡಿಗೆ ಬಾಗಿಲು ಹಾಕಿ ಡಿಪೋ ಗೇಟಿನ ಬಳಿ ನಿಂತೆ. ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು, ಕ್ಯಾಂಟೀನಿನವರು ಎಲ್ಲರೂ ಬಂದಿದ್ದರು. ಭಾವನ ಹೊಸ ಕೋಟು ಎದೆಯ ಮೇಲೆ ಖಾಲಿ ಚೀಲದ ಹಾಗೆ ಜೋಲುತ್ತಿತ್ತು. ಅಕ್ಕನ ಬಸ್ಸು ತಿರುವಿನಲ್ಲಿ ಕಾಣಿಸಿತು, ನಡೆದು ಬಂದಷ್ಟೇ ನಿಧಾನವಾಗಿ ಒಳಗೆ ಬಂದು ನಿಂತಿತು. ಧಾಟಿ ಮುಗಿಯಿತು. ಉಳಿದವರು ಸುಮ್ಮನಾದರು. ತುದಿಯ ಸ್ವರ ಝಗ್ಗನೆ ಎದ್ದಿತು. ಭಾವ ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಡ್ರಮ್ಮಿನ ಕಡೆ ನೋಡದೆ.

ಇಂಜಿನ್ ನಿಲ್ಲಲಿಲ್ಲ.

ಅಕ್ಕ ಗಲ್ಲಕ್ಕೆ ಕೈಯಿಟ್ಟು, ರೈಲ್ವೆ ಗೇಟು ಹಾಕಿದಾಗ ಕೂರುವ ಹಾಗೆ ಕೂತಿದ್ದಳು. ಡ್ರಮ್ಮಿನ ಹಿಂದಿದ್ದ ಸ್ವರ ತೆಳ್ಳಗಾಯಿತು, ನಡುಗಿತು, ನಿಂತೇ ಹೋಯಿತು. ಇನ್ಸ್‌ಪೆಕ್ಟರು ಏದುಸಿರು ಬಿಡುವುದು ಕೇಳಿಸಿತು. ಮ್ಯಾನೇಜರ್ ದೂರದಿಂದಲೇ, “ಆಫ್ ಮಾಡಿಯಮ್ಮಾ, ಸ್ವರ ಆಯ್ತಲ್ಲ” ಎಂದರು.

ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. “ಆಗಿಲ್ಲ ಸಾರ್. ಅದು ನಮ್ಮನೆ ಗಾಡಿ ಸದ್ದಲ್ಲ.” ಆಮೇಲೆ ಭಾವನ ಕಡೆ ತಿರುಗಿ, “ರೀ, ನಿಮ್ಮ ಕೆನ್ನೆ ಯಾವತ್ತು ಹಾಗೆ ಉಬ್ಬಿತ್ತು? ನೀವು ಊದಿ. ನಾನು ಕಾಯ್ತೀನಿ” ಎಂದಳು.

ಭಾವನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. “ಬರಲ್ಲ ಕಣೇ” ಎಂದರು, ಅಷ್ಟು ಜನರ ಮುಂದೆ.

“ಬರದೇ ಇದ್ರೆ ನಾನೂ ಇಳಿಯಲ್ಲ. ಟ್ಯಾಂಕಲ್ಲಿ ಡೀಸೆಲ್ ಇದೆ. ಹಸಿವಾದ್ರೆ ಕತ್ತರಿ ಊಟ ತಂದ್ಕೊಡ್ತಾಳೆ.”

ಜನ ನಕ್ಕರು. ಭಾವ ನಗಲಿಲ್ಲ. ಟ್ರಂಪೆಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಊದಿದರು. ಫುಸ್ಸೆಂದಿತು. ನಗುತ್ತಿದ್ದವರು ನೆಲ ನೋಡಿದರು.

“ಒತ್ತಿದ್ರಿ” ಎಂದಳು ಅಕ್ಕ, ಒಲೆಯ ಮುಂದಿನಿಂದ ಹೇಳುವ ಹಾಗೆಯೇ.

ಭಾವ ಅವಳನ್ನು ನೋಡಿದರು. ಎಡಗೈಯನ್ನು ಅಂಗೈ ಮೇಲಾಗಿ ಬಿಚ್ಚಿ ಅದರ ಮೇಲೆ ಟ್ರಂಪೆಟ್ಟನ್ನು ಸುಮ್ಮನೆ ಇಟ್ಟುಕೊಂಡರು. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಉಸಿರು ಎಳೆದರು. ಜೋಲುತ್ತಿದ್ದ ಕೋಟು ತುಂಬುತ್ತಾ ತುಂಬುತ್ತಾ ನಾನು ಹೊಲಿದ ಅಳತೆಗೆ ಬಂದು ಮುಟ್ಟಿತು, ಗುಂಡಿಗಳು ಬಿಗಿದುಕೊಂಡವು. ಮ್ಯಾನೇಜರ್ ಮೀಸೆಯ ಮೇಲೆ ಕೈ ಇಟ್ಟುಕೊಂಡರು. ಭಾವ ತುಟಿ ಸೇರಿಸಿದರು.

ಏನೂ ಕೇಳಲಿಲ್ಲ. ಇಂಜಿನ್ನಿನ ಗಡಗಡವೊಂದೇ. ನನಗೆ ಅಲ್ಲಿಂದ ಓಡಿಹೋಗೋಣ ಅನ್ನಿಸಿತು. ಇಂಥ ಒಳ್ಳೆಯ ಮನುಷ್ಯನನ್ನು ಅಕ್ಕ ಹೀಗೆ ನಿಲ್ಲಿಸಬಾರದಿತ್ತು ಎಂದು ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಕತ್ತೆತ್ತಿ ಅವಳನ್ನು ನೋಡಿದೆ. ಅವಳು ಅಳುತ್ತಿದ್ದಳು. ಅಳುತ್ತಲೇ ಕೈ ಮುಂದೆ ಚಾಚಿ ಕೀ ತಿರುಗಿಸಿದಳು.

ಇಂಜಿನ್ ನಿಂತಿತು. ಆಗ ನಮಗೆಲ್ಲ ಕೇಳಿಸಿತು.

ಸಣ್ಣದು, ಸೂಜಿಗೆ ಪೋಣಿಸುವ ದಾರದಷ್ಟು ಸಣ್ಣದು, ಆದರೆ ಎಲ್ಲೂ ಹರಿಯದೆ ನೆಟ್ಟಗೆ ನಿಂತಿತ್ತು ಆ ಸ್ವರ. ಅದು ಬಂದು ಎಷ್ಟೋ ಹೊತ್ತಾಗಿತ್ತು. ಆ ಗಡಗಡದ ಕೆಳಗಿನಿಂದ ಅದನ್ನು ಹೆಕ್ಕಿ ಕೇಳಿಸಿಕೊಂಡವಳು ಅವಳೊಬ್ಬಳೇ.

ಭಾವ ನಿಲ್ಲಿಸಲಿಲ್ಲ. ಅಕ್ಕ ಬಾಗಿಲು ತೆಗೆದು, ಮೆಟ್ಟಿಲಿಳಿದು, ಅವರೆದುರು ಬಂದು ನಿಲ್ಲುವವರೆಗೂ ಹಿಡಿದೇ ಇದ್ದರು. ಅವಳು ಅವರ ಕೋಟಿನ ಗುಂಡಿಯ ಮೇಲೆ ಕೈ ಇಟ್ಟು, “ಸಾಕು ಬಿಡ್ರೀ, ಇಳಿದೆ” ಎಂದಳು.