ಕಪ್ಪೆಗೆ ಬಾಯಾರಿದರೆ

ಈ ಫೋನಿನಲ್ಲಿ ಟೈಪು ಮಾಡಲು ಹೊಸದಾಗಿ ಕಲಿತಿದ್ದೇನೆ. 'ಕ' ಒತ್ತಿದರೆ ಸಾಕು, ಜಾಣ ಫೋನು 'ಕಿಡ್ನಿ' ಎಂದು ತಾನೇ ಮುಂದೆ ಹಿಡಿಯುತ್ತದೆ. ಬಂಧುಬಳಗಕ್ಕೆಲ್ಲ ಅದೇ ಸುದ್ದಿ ಕಳಿಸಿ ಕಳಿಸಿ ಅದಕ್ಕೂ ರೂಢಿಯಾಗಿದೆ. ಇವತ್ತು ನನಗೆ ಬೇಕಾದದ್ದು ಕಪ್ಪೆ.

ಖಾನಾಪುರದ ನಮ್ಮ ಬಚ್ಚಲಲ್ಲಿ, ಹಂಡೆಯ ಹಿಂದೆ, ಒಂದು ಕಪ್ಪೆ ಇದೆ. ನಾನು ಸ್ನಾನಕ್ಕೆ ಹೋದರೂ ನಾಚದೆ ಕೂತಿರುತ್ತದೆ. ಬೆಳಗಾವಿಯಲ್ಲಿ ಜೀವಶಾಸ್ತ್ರ ಓದುವ ಮೊಮ್ಮಗಳು ಪಲ್ಲವಿ ರಜೆಗೆ ಬಂದಾಗ ಅದರ ಗುಟ್ಟು ಬಿಚ್ಚಿದಳು.

"ಆಯಿ, ಕಪ್ಪಿ ಬಾಯಿಲೆ ನೀರ ಕುಡ್ಯೂದಿಲ್ಲ, ಹೊಟ್ಟಿ ಚರ್ಮದ್ಲೆ ಹೀರ್ತೈತಿ. ನೀರ ಸಿಗಲಿಲ್ಲಂದ್ರ ಕಿಡ್ನಿಗೆ ಹೋಗೂ ರಕ್ತಾನ ಕಡಿಮಿ ಮಾಡಿ ಉಚ್ಚಿ ನಿಂದರಸ್ತೈತಿ. ಉಚ್ಚಿ ಚೀಲದಾಗಿನ ನೀರು ತಿರುಗಿ ರಕ್ತಕ್ಕ ಎಳ್ಕೊಂಡು ಬಿಪಿ ಬೀಳದಂಗ ನೋಡ್ಕೋತೈತಿ."

"ಮುಂದ?" ಮಂಚದ ಮೇಲಿಂದ ನಮ್ಮ ಮನೆಯವರು ಕೇಳಿದರು.

"ಮಳಿ ಬಂತಂದ್ರ ಕಿಡ್ನಿ ಮತ್ತ ಶುರು, ಅಜ್ಜಾ."

"ನನಗ ಮಳಿ ಯಾವಾಗವಾ?"

ಪಲ್ಲವಿ ಬಚ್ಚಲ ಕಡೆಗೇ ನೋಡುತ್ತ ನಿಂತಳು.

ಇವರ ಕಿಡ್ನಿ ನಿಂತೇ ಹೋಗಿತ್ತು. ಪೀರನವಾಡಿ ದಾಟಿ ಬೆಳಗಾವಿಗೆ ಡಯಾಲಿಸಿಸ್‌ಗೆ ಹೋಗಿಬರುವುದೇ ನಮ್ಮ ತಿರುಗಾಟ. ಅಲ್ಲಿ ಯಂತ್ರ ಮೈಯ ನೀರೆಳೆಯುವಾಗ ಬಿಪಿ ದಡಕ್ಕನೆ ಇಳಿಯುತ್ತಿತ್ತು. ನರ್ಸು ಓಡಿಬಂದು ಕಾಲು ಎತ್ತಿಡುತ್ತಿದ್ದಳು. ಹೆಚ್ಚು ಕುಡಿದರೆ ಹೆಚ್ಚು ಎಳೆಯಬೇಕು, ಹೆಚ್ಚು ಎಳೆದರೆ ಬಿಪಿ ಬೀಳುತ್ತದೆ. ಅದಕ್ಕೇ ದಿನವಿಡೀ ಒಂದು ತಂಬಿಗೆ ನೀರು, ಚಹಾ ಸಾರು ಎಲ್ಲ ಅದರಲ್ಲೇ. ತಂಬಿಗೆಯ ಕಾವಲು ನನ್ನದು. ಐವತ್ತು ವರ್ಷ ಸಂಸಾರ ಮಾಡಿದವಳಿಗೆ ಕಡೆಗೆ ಸಿಕ್ಕ ಹುದ್ದೆ ಪೊಲೀಸಿನದು.

ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ಬೆಲ್ಲ, ನೀರು. ಇವರನ್ನು ನೋಡಲು ಬಂದವರು ಇವರೆದುರೇ ಗಟಗಟ ಕುಡಿಯುವುದನ್ನು ನೋಡಲಾರದೆ ನಾನು ನೀರು ಕೊಡುವುದನ್ನೇ ಬಿಟ್ಟೆ. ಲೋಂಡಾದ ನಾದಿನಿ ಮುಖ ಊದಿಸಿದಳು. "ಏನ್ ವೈನಿ, ಕೈಯಾಗ ಫೋನ ಬಂತು, ಮನಿ ರೀತಿ ಹೋತು!"

"ಕೊಡ ಆಕಿಗಿ," ಎಂದರು ಇವರು. "ಮಂದಿ ಕುಡ್ಯೂದು ನೋಡಿದ್ರ ನನ್ನ ಬಿಪಿ ಏನ್ ಬೀಳೂದಿಲ್ಲ."

ಕೊಟ್ಟೆ. ಅವಳ ಗಂಟಲು ಏರಿಳಿಯುವುದನ್ನು ಇವರು ಕಡೆಯ ಗುಟುಕಿನವರೆಗೂ ನೋಡಿದರು. ಅವಳು ಲೋಟ ಕೆಳಗಿಟ್ಟಾಗ ತುಟಿ ಒರೆಸಿಕೊಂಡವರು ಇವರು.

ಮಳೆಗಾಲಕ್ಕೆ ಮುಂಚೆಯೇ ಹೋಗಿಬಿಟ್ಟರು. ಮಾತಾಡಿಸಲು ಬಂದವರಿಗೆಲ್ಲ ಕೇಳದೆಯೇ ನೀರು ಕೊಟ್ಟೆ.

ಈಗ ಮಳೆ ಹಿಡಿದಿದೆ. ನನ್ನದೊಂದು ಚಾಳಿ ಮಾತ್ರ ಹೋಗಿಲ್ಲ. ಇವರಿದ್ದಾಗ ಕಣ್ಣು ತಪ್ಪಿಸಿ, ಲೋಟ ಸೆರಗಲ್ಲಿ ಮರೆಮಾಡಿ, ಬಚ್ಚಲಿಗೆ ಹೋಗಿ ನೀರು ಕುಡಿಯುತ್ತಿದ್ದೆ. ಈಗಲೂ ಅಲ್ಲಿಗೇ ಹೋಗುತ್ತೇನೆ, ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ಹಂಡೆಯ ಹಿಂದಿನಿಂದ ಕಪ್ಪೆ ನೋಡುತ್ತಿರುತ್ತದೆ. ಬಾಯಿಂದ ನೀರು ಕುಡಿಯುವ, ಕುಡಿದದ್ದನ್ನು ಕಣ್ಣಿಂದ ಚೆಲ್ಲುವ ಈ ಪ್ರಾಣಿ ಅದಕ್ಕೀಗ ರೂಢಿಯಾಗಿದೆ.