ವಸಂತನಿಗೆ ಕಂಡದ್ದು ಒಂದೇ ಚಂದ್ರ

ಇವತ್ತು ಬೆಳಿಗ್ಗೆ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರಕ್ಕೆ ಸ್ಕ್ರೂ ಹುಡುಕುತ್ತಿದ್ದಾಗ, ತಗಡಿನ ಡಬ್ಬಿಯ ತಳದಲ್ಲಿ ಉಗುರಿನಷ್ಟಗಲದ ಕಪ್ಪು ರಬ್ಬರಿನ ಚೂರೊಂದು ಕೈಗೆ ಸಿಕ್ಕಿತು. ಸುಮ್ಮನೆ ಮೂಸಿ ನೋಡಿದೆ. ಹೊಸ ಚಪ್ಪಲಿಯ ಪೆಟ್ಟಿಗೆ ತೆರೆದಾಗ ಬರುವ ವಾಸನೆ ಇನ್ನೂ ಅದರಲ್ಲಿ ಉಳಿದಿತ್ತು. ಎದುರಿಗೆ ನಿಂತಿದ್ದ ಗಿರಾಕಿ, ಗಡಿಯಾರಕ್ಕೆ ಬದಲು ನಾನೇ ನಿಂತುಹೋದದ್ದನ್ನು ಕಂಡು, ಹುಷಾರಿಲ್ಲವೇ ಎಂದು ವಿಚಾರಿಸಿದರು. ಏನಿಲ್ಲ ಎಂದೆ. ಆದರೆ ಆ ಚೂರನ್ನು ಮತ್ತೆ ಡಬ್ಬಿಗೆ ಹಾಕಲಿಲ್ಲ. ಏಕೆಂದು ಅವರಿಗೆ ಹೇಳಲು ಹೋದರೆ ಅವರ ಬಸ್ಸು ತಪ್ಪುತ್ತಿತ್ತು. ನಿಮಗೆ ಪುರುಸೊತ್ತು ಉಂಟಲ್ಲ, ಕೇಳಿ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಚಂದ್ರನನ್ನು ನೋಡಲೆಂದು ಸಿದ್ದಕಟ್ಟೆಯ ಮೇಲಿನ ಪದವಿನಲ್ಲಿ ಸೇರಿದ್ದು ನಾವು ಮೂವರೇ. ನಾನು, ಶಾಲೆಯಲ್ಲಿ ಟೀಚರಾಗಿರುವ ನನ್ನ ಹೆಂಡತಿ ಲೀಲಾ, ಮತ್ತು ಒಂದನೆಯ ಕ್ಲಾಸಿನಿಂದ ನನ್ನ ಜೊತೆ ಬೆಂಚು ಹಂಚಿಕೊಂಡ ವಸಂತ. ಪದವು ಎಂದರೆ ಕೆಂಪು ಮುರಕಲ್ಲಿನ ಬೋಳು ಬಯಲು. ಒಂದು ಗೇರು ಮರವೂ ತಲೆಗೆ ಅಡ್ಡ ಬರುವುದಿಲ್ಲ. ಮನೆಯ ತಾರಸಿಯಿಂದಲೇ ನೋಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮೂರಿನಲ್ಲಿ ತಾರಸಿ ಹಾಕಿದ ಮರುವರ್ಷವೇ ಅದರ ಮೇಲೆ ತಗಡಿನ ಮಾಡು ಹಾಕುತ್ತಾರೆ. ಮಳೆ ಸೋರುವುದಿಲ್ಲ, ಬಟ್ಟೆ ಒಣಗುತ್ತದೆ, ಆಕಾಶ ಮಾತ್ರ ಇರುವುದಿಲ್ಲ.

ಆಕಾಶದ ಹುಚ್ಚು ನನಗೆ ಬಂದದ್ದು ಅಜ್ಜಿಯಿಂದ. ಅವರು ಅಂಗಳದಲ್ಲಿ ನಿಂತು ಕೃತ್ತಿಕೆಯಲ್ಲಿ ಆರು ನಕ್ಷತ್ರ ಎಣಿಸುತ್ತಿದ್ದರು. ನನಗೆ ಐದಕ್ಕಿಂತ ಹೆಚ್ಚು ಯಾವತ್ತೂ ಕಾಣಲಿಲ್ಲ. ಆ ಒಂದು ನಕ್ಷತ್ರದ ಕೊರತೆ ಐವತ್ತು ದಾಟಿದ ಮೇಲೂ ಮನಸ್ಸಿನಲ್ಲಿ ಇತ್ತೆಂದು ಕಾಣುತ್ತದೆ. ಮೊಬೈಲಿನಲ್ಲಿ, ಎರಡೂ ಕಣ್ಣಿಟ್ಟು ನೋಡುವ ಒಂದು ದೊಡ್ಡ ದುರ್ಬೀನು ಕಣ್ಣಿಗೆ ಬಿತ್ತು. ಇಪ್ಪತ್ತು ಪಟ್ಟು ಹತ್ತಿರ ತೋರಿಸುವಂಥದ್ದು, ಮುಂದಿನ ಗಾಜು ಒಂದೊಂದೂ ಚಾ ಕುಡಿಯುವ ಸಾಸರಿನಷ್ಟು. ಬೆಲೆ ಮಾತ್ರ ಅದರ ಕಾಲು ಭಾಗದಷ್ಟು ಚಿಕ್ಕ ದುರ್ಬೀನಿನದು. ಇಷ್ಟು ದೊಡ್ಡದನ್ನು ಇಷ್ಟು ಅಗ್ಗಕ್ಕೆ ಹೇಗೆ ಕೊಡುತ್ತಾರೆ ಎಂದು ಲೀಲಾ ಕೇಳಿದ್ದಳು. ನಾನು ವ್ಯಾಪಾರದ ಗುಟ್ಟು ಬಲ್ಲವನ ಹಾಗೆ ನಕ್ಕಿದ್ದೆ.

ಬಂದದ್ದು ಎಳೆ ಹಲಸಿನಕಾಯಿಯಷ್ಟು ಭಾರದ ಸಾಮಾನು. ಕೈಯಲ್ಲಿ ಹಿಡಿದು ಚಂದ್ರನತ್ತ ತಿರುಗಿಸಿದರೆ, ಒಗ್ಗರಣೆಯ ಸಾಸಿವೆಯಂತೆ ಚಂದ್ರ ಸಿಡಿಯುತ್ತಿದ್ದ. ಸ್ಟ್ಯಾಂಡಿಗೆ ಕೂರಿಸಲು ಜೊತೆಗೆ ಕೊಟ್ಟ ಪ್ಲಾಸ್ಟಿಕ್ಕಿನ ಹಿಡಿಕೆ ಎರಡನೆಯ ದಿನ ಬಿರುಕುಬಿಟ್ಟಿತು. ಆಗ ವಸಂತ ಬಸ್ಸಿನ ಹಳೆಯ ಚಕ್ರದ ರಿಮ್ಮಿಗೆ ಪೈಪು ಬೆಸೆದು, ತುದಿಗೊಂದು ಬೋಲ್ಟು ಕೂರಿಸಿ, ಆನೆ ಬಂದು ತಳ್ಳಿದರೂ ಅಲುಗದ ಸ್ಟ್ಯಾಂಡ್ ಮಾಡಿಸಿಕೊಟ್ಟ. ಅವನು ಬಿ.ಸಿ.ರೋಡ್–ಮೂಡುಬಿದಿರೆ ಲೈನಿನ ಖಾಸಗಿ ಬಸ್ಸಿನ ಡ್ರೈವರ್. ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಯ ಮೇಲೂ ಬಸ್ಸು ಹಾಯಿಸಿದವನಲ್ಲ ಎಂಬುದು ಅವನ ಹೆಮ್ಮೆ, ನಮ್ಮೆಲ್ಲರ ಹೆಮ್ಮೆ.

ದುರ್ಬೀನು ಅಲುಗದೆ ನಿಂತ ಮೇಲೆಯೇ ಅದರ ನಿಜವಾದ ರೋಗ ಗೊತ್ತಾದದ್ದು. ಚಂದ್ರ ಎರಡು. ಹಗಲಿನಲ್ಲಿ ಬೆಳ್ತಂಗಡಿಯ ದಿಕ್ಕಿಗೆ ತಿರುಗಿಸಿದರೆ ಗಡಾಯಿಕಲ್ಲು ಗುಡ್ಡವೂ ಎರಡು, ಒಂದರ ಹೆಗಲ ಮೇಲೆ ಇನ್ನೊಂದು. ವಿಚಾರಿಸಿದಾಗ ತಿಳಿಯಿತು, ಅಗ್ಗದ ದೊಡ್ಡ ದುರ್ಬೀನುಗಳಲ್ಲಿ ಇದು ಮಾಮೂಲು. ದಾರಿಯಲ್ಲಿ ಒಂದು ಪೆಟ್ಟು ಬಿದ್ದರೆ ಒಳಗಿನ ಪ್ರಿಸಂ ಜರುಗುತ್ತದೆ. ಎರಡು ನಳಿಕೆಗಳು ಎರಡು ಕಡೆ ನೋಡತೊಡಗುತ್ತವೆ. ಸ್ವಲ್ಪವೇ ಜರುಗಿದ್ದರೆ ನಮ್ಮ ಕಣ್ಣುಗಳೇ ಎಳೆದು ಸೇರಿಸಿಕೊಳ್ಳುತ್ತವೆ, ಬಡ್ಡಿಯಾಗಿ ತಲೆನೋವು ಬರುತ್ತದೆ. ಹೆಚ್ಚು ಜರುಗಿದ್ದರೆ ರಬ್ಬರಿನ ಹೊದಿಕೆಯ ಕೆಳಗೆ ಅಡಗಿರುವ ಸಣ್ಣ ಸ್ಕ್ರೂ ತಿರುಗಿಸಿ ಸರಿಮಾಡಬೇಕು.

ಸಣ್ಣ ಸ್ಕ್ರೂ! ಮೂವತ್ತು ವರ್ಷ ವಾಚ್ ರಿಪೇರಿ ಮಾಡಿದವನಿಗೆ ಇನ್ನೇನು ಬೇಕು? ರಬ್ಬರನ್ನು ಚೂರು ಚೂರೇ ಕತ್ತರಿಸಿ ಸ್ಕ್ರೂ ಹುಡುಕಿದೆ. ಕಾಲು ಸುತ್ತು ತಿರುಗಿಸಬೇಕಾದಲ್ಲಿ ಒಂದು ಸುತ್ತು ತಿರುಗಿಸಿದೆ. ಚಂದ್ರರಿಬ್ಬರೂ ಜಗಳವಾಡಿದ ಅಣ್ಣತಮ್ಮಂದಿರ ಹಾಗೆ ಇನ್ನಷ್ಟು ದೂರವಾದರು. ಒಂದು ವಾರ ಇದೇ ಕೆಲಸ. ಕೊನೆಗೆ ಸರಿಯಾಯಿತೆಂದು ನಾನು ನಂಬಿದ ಸಂಜೆಯೇ ನಾವು ಮೂವರು ಪದವು ಹತ್ತಿದ್ದು.

ಮೊದಲು ನಾನು ನೋಡಿದೆ. ಎರಡು. ಲೀಲಾ ನೋಡಿ, ಕನಿಕರದಿಂದ, ಎರಡು ಎಂದಳು. ವಸಂತ ಬಗ್ಗಿ ಕಣ್ಣಿಟ್ಟು ಬಹಳ ಹೊತ್ತು ನೋಡಿದ.

"ಒಂದೇ ಉಂಟಲ್ಲ ಮಾರಾಯ. ಚಂದ ಉಂಟು. ಹೊಂಡಗಳೆಲ್ಲ ಕಾಣ್ತದೆ, ನಮ್ಮ ರೋಡಿನ ಹಾಗೆ."

ನಾನು ಮತ್ತೆ ನೋಡಿದೆ, ಎರಡು. ಅವನು ನೋಡಿದ, ಒಂದು. ನೀವು ಗಂಡಹೆಂಡತಿ ಸಂಜೆಗೆ ಎಂತ ಕುಡಿದು ಬಂದದ್ದೆಂದು ಅವನು ತಮಾಷೆ ಮಾಡಿದ. ನನಗೆ ಹಟ ಬಂತು. ಯಾವ ನಳಿಕೆ ತಪ್ಪೆಂದು ತೋರಿಸಿಕೊಡುತ್ತೇನೆ, ಕಣ್ಣು ತೆಗೆಯಬೇಡ ಎಂದು ಎಡ ನಳಿಕೆಯ ಗಾಜಿಗೆ ಮುಚ್ಚಳ ಹಾಕಿದೆ. ಕಾಣುತ್ತದೆ, ಹಾಗೆಯೇ ಉಂಟು ಎಂದ. ಆ ಮುಚ್ಚಳ ತೆಗೆದು ಬಲ ನಳಿಕೆಗೆ ಹಾಕಿದೆ.

"ಎರಡನ್ನೂ ಯಾಕೆ ಮುಚ್ಚಿದ್ದು?" ಎಂದ ವಸಂತ.

ನನ್ನ ಕೈಯಲ್ಲಿದ್ದದ್ದು ಒಂದೇ ಮುಚ್ಚಳ. ಇನ್ನೊಂದನ್ನು ಮನೆಯಲ್ಲೇ ಮರೆತು ಬಂದಿದ್ದೆ.

ಅವನೇ ದುರ್ಬೀನಿನಿಂದ ಮುಖ ಎತ್ತಿದ. ನಿಧಾನಕ್ಕೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡ. ಲೀಲಾ ಅವನಿಗೆ ಎರಡು ಮಾರು ದೂರದಲ್ಲಿ, ಟಾರ್ಚ್ ಹಿಡಿದು, ಬೆಳಕಿನಲ್ಲೇ ನಿಂತಿದ್ದಳು.

"ಲೀಲಕ್ಕ, ನೀವು ಅಲ್ಲಿಯೇ ಇದ್ದೀರಲ್ಲ?"

ಇದ್ದೇನೆ ವಸಂತಣ್ಣ ಎಂದಳು. ಮೂಲೆಯಲ್ಲಿ ಒಂದು ಚೂರು ಬೆಳಕು ಮಾತ್ರ ಕಾಣುತ್ತದೆ ಎಂದು ಅವನು ಹೇಳಿದ. ಕೈ ತೆಗೆದ, ಮತ್ತೆ ಮುಚ್ಚಿದ, ಮತ್ತೆ ತೆಗೆದ. ಕರೆಂಟು ಹೋದ ಮನೆಯಲ್ಲಿ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವವರ ಹಾಗೆ.

ಆ ಕ್ಷಣದಿಂದ ಇವತ್ತಿನವರೆಗೂ ನನ್ನ ಗಾಬರಿ ಪೂರ್ತಿ ಇಳಿದಿಲ್ಲ. ನೋಡಿ, ಆಗ ನಾನು ಅಂಗಡಿಗೆಂದು ದಿನವೂ ಬಿ.ಸಿ.ರೋಡಿಗೆ ಹೋಗುತ್ತಿದ್ದದ್ದು ಅವನದೇ ಬಸ್ಸಿನಲ್ಲಿ. ಕೂರುತ್ತಿದ್ದದ್ದು ಅವನ ಎಡಕ್ಕೆ, ಇಂಜಿನ್ ಬಾಕ್ಸಿನ ಪಕ್ಕದಲ್ಲಿ. ಆಗಲೇ ಒಂದೆರಡು ವರ್ಷದಿಂದ ಅವನು ನನ್ನೊಡನೆ ಮಾತಾಡುವಾಗ ಇಡೀ ಮುಖ ತಿರುಗಿಸಿ ಮಾತಾಡುತ್ತಿದ್ದ. ವಯಸ್ಸಾದ ಹಾಗೆ ಗೆಳೆಯನಿಗೆ ನನ್ನ ಮೇಲೆ ಗೌರವ ಹೆಚ್ಚಿತೆಂದು ನಾನು ಲೀಲಾಳ ಹತ್ತಿರ ಜಂಬ ಕೊಚ್ಚಿದ್ದೆ! ತಲೆ ತಗ್ಗುತ್ತದೆ.

ಇನ್ನು, ನಮ್ಮ ಲೈನಿನಲ್ಲಿ ಬಸ್ಸಿನ ಎಡಬದಿ ಡ್ರೈವರನದ್ದಲ್ಲ, ಕಂಡಕ್ಟರನದ್ದು. ರಸ್ತೆ ಅಗಲ ಕಿರಿದು, ತಿರುವು ಹೆಚ್ಚು. ಎದುರಿಂದ ವಾಹನ ಬಂದರೆ ಡ್ರೈವರ್ ಬಲಕ್ಕೆ ನೋಡಿಕೊಳ್ಳುತ್ತಾನೆ. ಕಂಡಕ್ಟರ್ ಮೆಟ್ಟಿಲಲ್ಲಿ ನಿಂತು ತಲೆ ಹೊರಹಾಕಿ, ಎಡಕ್ಕೆ ಎಷ್ಟು ಜಾಗ ಉಂಟೆಂದು ಕೂಗಿ ಹೇಳುತ್ತಾನೆ. ತಗಡಿಗೆ ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ಈ ಪದ್ಧತಿ ನಮ್ಮಪ್ಪನ ಕಾಲದಿಂದ ಉಂಟು. ಹಾಗಾಗಿ ಒಬ್ಬ ಡ್ರೈವರನ ಎಡಗಣ್ಣು ಇಷ್ಟಿಷ್ಟೇ ಆರಿಹೋದರೂ ಬಸ್ಸು ಓಡುತ್ತಲೇ ಇತ್ತು. ಅವನಿಗೂ ಗೊತ್ತಾಗಲಿಲ್ಲ, ಒಳಗೆ ಕೂತ ನಮಗೂ ಗೊತ್ತಾಗಲಿಲ್ಲ.

ಪದವಿನಿಂದ ಇಳಿಯುವಾಗ ವಸಂತ ಒಂದು ಕಲ್ಲು ಎಡವಿದ. ಸುಧಾರಿಸಿಕೊಂಡು, ಸದ್ಯಕ್ಕೆ ಯಾರಿಗೂ ಹೇಳುವುದು ಬೇಡ, ನಾಳೆ ಬೆಳಗಿನ ಟ್ರಿಪ್ ಮುಗಿಸಿ ಡಾಕ್ಟರಲ್ಲಿಗೆ ಹೋಗುವ ಎಂದ. ಬೆಳಗಿನ ಟ್ರಿಪ್ಪೆಂದರೆ ಮೂಡುಬಿದಿರೆಗೆ ಓದಲು ಹೋಗುವ ಮಕ್ಕಳದ್ದು, ನಿಲ್ಲಲೂ ಜಾಗವಿರುವುದಿಲ್ಲ. ನಾನು ಹೇಡಿ, ಆಗಲಿ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಲೀಲಾ ಹೇಳಿದಳು:

"ಆ ಟ್ರಿಪ್ಪಿನಲ್ಲಿ ನಾನೂ ಶಾಲೆಗೆ ಹೋಗ್ತೇನೆ ವಸಂತಣ್ಣ. ನಾಳೆ ನಾನು ಹತ್ತಬೇಕಾ, ಬೇಡವಾ? ನೀವೇ ಹೇಳಿ."

ಅವನು ಮುಂದಿನ ಕಲ್ಲನ್ನು ಕಾಲಿನಿಂದ ತಡವಿ ನೋಡಿ ಇಳಿಯತೊಡಗಿದ.

ಮರುದಿನ ಬೆಳಕು ಹರಿಯುವ ಮೊದಲೇ ನಾನು ಸಿದ್ದಕಟ್ಟೆ ಪೇಟೆಗೆ ಹೋದೆ. ರಾತ್ರಿ ಬಸ್ಸು ಅಲ್ಲಿಯೇ ಹಾಲ್ಟ್. ಕಂಡಕ್ಟರ್ ಹಮೀದ್ ಎದುರಿನ ಗಾಜು ತೊಳೆಯುತ್ತಿದ್ದ. ವಸಂತ ಇನ್ನೂ ಬಂದಿರಲಿಲ್ಲ. ಗೆಳೆಯನಿಗೆ ದ್ರೋಹ ಮಾಡುತ್ತಿದ್ದೇನೆಂಬ ಅಳುಕಿನಲ್ಲೇ ಎಲ್ಲವನ್ನೂ ಹೇಳಿದೆ. ಹಮೀದ್ ಬಟ್ಟೆ ಹಿಂಡಿ ಕನ್ನಡಿಗೆ ನೇತುಹಾಕಿದ.

"ನನಗೆ ಗೊತ್ತುಂಟು ವಾಚಣ್ಣ" ಎಂದ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ವಸಂತ ಬಂದು ನಿಂತಿದ್ದ, ಖಾಕಿ ಅಂಗಿ ತೊಟ್ಟೇ ಬಂದಿದ್ದ. ಎಂದಿನಿಂದ ಗೊತ್ತು ಎಂದು ಹಮೀದನನ್ನು ಕೇಳಿದ.

"ಹೋದ ಮಳೆಗಾಲದಿಂದ. ನಾನು ಹೇಳದಿದ್ದರೆ ನೀವು ಎಡಕ್ಕೆ ಸ್ಟೇರಿಂಗ್ ಕಟ್ ಮಾಡುವುದೇ ಇಲ್ಲ. ಕಣ್ಣು ಸ್ವಲ್ಪ ಮಂಜಾಗಿದೆ ಅಂತ ಗ್ರಹಿಸಿದೆ, ಪೂರ್ತಿ ಹೋಗಿದೆ ಅಂತ ಗೊತ್ತಿಲ್ಲ. ಹೇಳಲಿಕ್ಕೆ ಧೈರ್ಯ ಬರಲಿಲ್ಲ ವಸಂತಣ್ಣ. ಅದಕ್ಕೇ ಅಂದಿನಿಂದ ನಾನು ಒಂದು ದಿನವೂ ರಜೆ ಮಾಡಲಿಲ್ಲ. ಬದಲಿ ಹುಡುಗರು ಹಿಂದಿನ ಬಾಗಿಲಲ್ಲಿ ನಿಂತು ಮೊಬೈಲು ನೋಡ್ತಾರೆ."

ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರತೊಡಗಿದ್ದರು. ವಸಂತ ಕಿಸೆಯಿಂದ ಬಸ್ಸಿನ ಕೀ ತೆಗೆದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅದನ್ನು ಹಮೀದನ ಕೈಯಲ್ಲಿಟ್ಟು, ಬಸ್ಸಿನ ಧಣಿಗಳಿಗೆ ಫೋನ್ ಮಾಡಿ, ಬೇರೆ ಡ್ರೈವರ್ ಬರುವವರೆಗೆ ಬಸ್ಸು ಹೊರಡುವುದಿಲ್ಲ ಎಂದ. ಆ ದಿನ ಮೊದಲ ಟ್ರಿಪ್ ತಪ್ಪಿತು. ಜನ ಅವನಿಗೇ ಬೈದರು. ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬೈಸಿಕೊಂಡ.

ಮಂಗಳೂರಿನ ಡಾಕ್ಟರು ಅದಕ್ಕೆ ಗ್ಲುಕೋಮಾ ಎಂದರು. ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದ್ದು. ನೋವಿಲ್ಲ, ಸೂಚನೆಯಿಲ್ಲ, ಒಂದು ಕಣ್ಣಿನ ಕೆಲಸವನ್ನು ಇನ್ನೊಂದು ಮಾಡಿಕೊಂಡು ಹೋಗುತ್ತದಂತೆ. ಎಡದ್ದು ಮರಳುವುದಿಲ್ಲ. ಬಲದ್ದಕ್ಕೂ ಶುರುವಾಗಿತ್ತು, ದಿನಕ್ಕೆ ಎರಡು ಹೊತ್ತು ಮದ್ದು ಬಿಟ್ಟುಕೊಂಡು ಅದನ್ನು ಉಳಿಸಿಕೊಂಡಿದ್ದಾನೆ. ಈಗ ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಒಂದು ನಿಮಿಷ ತಡವಾದರೆ ಅವನ ವಿಸಿಲಿಗೆ ಡ್ರೈವರುಗಳು ಹೆದರುತ್ತಾರೆ. ನಾನೋ, ಯಾವ ಬಸ್ಸು ಹತ್ತಿದರೂ ಮೊದಲು ಡ್ರೈವರನ ಮುಖ ನೋಡುತ್ತೇನೆ, ಆಮೇಲೆ ನನ್ನದೇ ಒಂದೊಂದು ಕಣ್ಣು ಮುಚ್ಚಿ ನೋಡಿಕೊಳ್ಳುತ್ತೇನೆ. ಪಕ್ಕದವರು ಜಾಗ ಬದಲಿಸಿದ್ದೂ ಉಂಟು.

ಒಂದು ವಿಷಯ ಹೇಳಲು ಬಿಟ್ಟುಹೋಯಿತು. ವಸಂತ ಕೀ ಕೊಟ್ಟ ಮರುದಿನ ಹಮೀದ್ ಕೆಲಸಕ್ಕೆ ಬರಲಿಲ್ಲ. ಧಣಿಗಳು ಏನಾದರೂ ಅಂದರೋ ಎಂದು ಹೆದರಿ ಅಂಗಡಿಯಿಂದ ಫೋನ್ ಮಾಡಿದೆ. ಅವನ ಹೆಂಡತಿ ಎತ್ತಿದರು. ಹೋದ ಮಳೆಗಾಲದ ನಂತರ ಇದೇ ಮೊದಲ ರಜೆ, ಮಲಗಿದ್ದಾರೆ, ಎದ್ದ ಮೇಲೆ ಹೇಳುತ್ತೇನೆ ಎಂದರು. ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಮಾಡಿದೆ. ಆಗಲೂ ಎದ್ದಿರಲಿಲ್ಲ.