ಅಕ್ಕನ ಸೈಕಲ್ಲಿನ ಸೀಟು

ಹಂಪಿಯಲ್ಲಿ ನಮ್ಮದು ಬಾಡಿಗೆ ಸೈಕಲ್ ಅಂಗಡಿ. ಚೈನು ಹರಿದ ಸೈಕಲ್ಲನ್ನು ಪ್ರವಾಸಿಗರು ಎಲ್ಲೋ ಬಿಟ್ಟು ಫೋನ್ ಮಾಡಿದರೆ ತರಲು ಹೋಗುತ್ತಿದ್ದವಳು ಅಕ್ಕ. ಒಂದನ್ನು ತುಳಿಯುತ್ತ, ಇನ್ನೊಂದರ ಹ್ಯಾಂಡಲನ್ನು ಎಡಗೈಯಲ್ಲಿ ಹಿಡಿದು, ಬಾಳೆತೋಟದ ದಾರಿಯಲ್ಲಿ ಎರಡನ್ನೂ ಓಡಿಸಿಕೊಂಡು ಬರುತ್ತಿದ್ದಳು.

ಹೈಸ್ಕೂಲಿನಲ್ಲಿದ್ದಾಗಲೇ ಅವಳಿಗೆ ಕಿಡ್ನಿ ಕಾಯಿಲೆ ಬಂದಿತ್ತು. ಮೈಯ ರೋಗನಿರೋಧಕ ಶಕ್ತಿಯೇ ಕಿಡ್ನಿಯ ಮೇಲೆ ತಿರುಗಿಬಿದ್ದಿದೆ, ಅದನ್ನು ತಗ್ಗಿಸಬೇಕು ಎಂದು ಹೊಸಪೇಟೆಯ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಕಡಿಮೆ ಮಾಡಿದಾಗಲೆಲ್ಲ ಮುಖ, ಪಾದ ಊದುತ್ತಿದ್ದವು; ಮತ್ತೆ ಹೆಚ್ಚಿಸುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ಬೆಳಿಗ್ಗೆ ಅವಳು ಗಾಜಿನ ಕೊಳವೆಯಲ್ಲಿ ಮೂತ್ರ ಕಾಯಿಸುತ್ತಿದ್ದಳು. ಬೆಳ್ಳಗಾದರೆ ಪ್ರೋಟೀನು ಸೋರುತ್ತಿದೆ ಎಂದರ್ಥ. ತಾರೀಖು ಹಾಕಿ ‘ತಿಳಿ’ ಅಥವಾ ‘ಬಿಳಿ’ ಎಂದು ಡೈರಿಯಲ್ಲಿ ಬರೆಯುವುದು, ತಿಂಗಳ ಕೊನೆಗೆ ಕೂಡಿಸುವುದು ನನ್ನ ಕೆಲಸ. ಕೊನೆಕೊನೆಗೆ ಬರೀ ತಿಳಿ.

ಆಗಲೇ ಅವಳಿಗೆ ತೊಡೆಸಂದಿನಿಂದ ಮೊಣಕಾಲಿನವರೆಗೆ ನೋವು ಶುರುವಾದದ್ದು. ನಮ್ಮ ಮನೆಯವರಿಗೆ ಕಾಲುನೋವೆಂದರೆ ಸೀಟಿನ ತಪ್ಪು.

“ಸೀಟು ಕೆಳಗೈತವಾ, ಅದಕ್ಕ ಮಣಕಾಲು ಹಿಡಿತೈತಿ,” ಎಂದು ಅಪ್ಪ ಪಾನಾ ಹಿಡಿದು ನಟ್ಟು ಸಡಿಲಿಸಿ ಏರಿಸಿದರು. ನೋವು ಹೋಗಲಿಲ್ಲ. ಇನ್ನಷ್ಟು ಏರಿಸಿದರು.

“ಇನ್ನೂ ಏರಿಸಿದ್ರ ಗುಡಿ ಗೋಪುರ ಮುಟ್ತೀನಿ ನೋಡಪಾ,” ಎಂದಳು ಅಕ್ಕ. ನಾವೆಲ್ಲ ನಕ್ಕೆವು. ನನ್ನ ಡೈರಿಯಲ್ಲಿ ನೋವಿಗೆ ಜಾಗವೇ ಇರಲಿಲ್ಲ.

ಕುಂಟತೊಡಗಿದ ಮೇಲೆ ಸ್ಕ್ಯಾನ್ ಆಯಿತು. ಡಾಕ್ಟರು ಮೊದಲು ರಕ್ತದ ರಿಪೋರ್ಟ್ ನೋಡಿ, “ಕಿಡ್ನಿ ಚಲೋ ಅದಾವ್ರಿ,” ಎಂದರು. ಅವ್ವ ಕೈ ಮುಗಿದಳು. ಆಮೇಲೆ ಅವರು ಸ್ಕ್ಯಾನನ್ನು ಬೆಳಕಿಗೆ ಹಿಡಿದರು. “ಮಾತ್ರೆಯಿಂದ ಸೊಂಟದ ಕೀಲಿಗೆ ರಕ್ತ ಹೋಗೋದು ಕಡಿಮಿ ಆಗೈತ್ರಿ. ಎರಡೂ ಕಡೆ ಎಲುಬು ಕುಸಿದೈತಿ. ಮುಂದ ಕೀಲು ಬದಲಿ ಮಾಡಬೇಕಾಗ್ತೈತಿ. ಆ ಕಲ್ಲುದಾರ್ಯಾಗ ಸೈಕಲ್ ಬ್ಯಾಡ.”

“ಮೊದಲ ಬಂದಿದ್ರ ಸರ್?” ಎಂದರು ಅಪ್ಪ.

“ನೋವು ಶುರು ಆದಾಗ ಹೇಳಬೇಕಿತ್ರಿ,” ಎಂದಷ್ಟೇ ಹೇಳಿ ಡಾಕ್ಟರು ಚೀಟಿ ಬರೆದರು.

ಅಕ್ಕನ ಸೈಕಲ್ಲನ್ನು ನಾವು ಬಾಡಿಗೆಗೆ ಕೊಡುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಒಂದು ದಿನ ಉಳಿದೆಲ್ಲವೂ ಹೋಗಿ ಅದೊಂದೇ ನಿಂತಿತ್ತು. ಕಂಪ್ಲಿಯಿಂದ ಬಂದ ಕಾಲೇಜು ಹುಡುಗಿಯೊಬ್ಬಳು ಅದನ್ನೇ ಕೇಳಿದಳು. ಅಪ್ಪ ಇಲ್ಲವೆನ್ನುವ ಮೊದಲೇ ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ, “ಪಾನಾ ಕೊಡಪಾ,” ಎಂದಳು.

ಸೀಟಿನ ಕಂಬಿ ತುಕ್ಕು ಹಿಡಿದಿತ್ತು. ಅಂಗೈಯಿಂದ ಗುದ್ದಿ ಗುದ್ದಿ ಇಳಿಸಿದಳು. ಅಪ್ಪ ಅತ್ತ ನೋಡಲಿಲ್ಲ.

“ಚೈನ್ ಕಟ್ಟಾದ್ರ ಅಲ್ಲೇ ಬಿಟ್ಟು ಫೋನ್ ಮಾಡವಾ, ಬರ್ತೀನಿ,” ಎಂದು ಹುಡುಗಿಗೆ ಹೇಳಿದಳು. ಹುಡುಗಿ ತೋಟದ ತಿರುವು ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿ ಅಂದಳು: “ಫೋನ್ ಬಂದ್ರ ನೀ ಹೋಗಬೇಕು ಲೇ.”